ಹಂದರದ ಕೆಳಗೆ ಹಳತು–ಹೊಸತು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಮೊದಲು ಆಡಿದವರು ಎರಡನ್ನೂ ಮಾಡಿ ಬಳಲಿದವರೇ ಆಗಿರಬೇಕು. ಗಾದೆ ಹೇಳುವುದು ಖರ್ಚಿನ ಮಾತನ್ನೆಂದು ನಾವು ತಿಳಿದಿದ್ದೇವೆ. ಆದರೆ ಇವೆರಡರ ನಡುವೆ ಇನ್ನೊಂದು ಸಾಮ್ಯವೂ ಉಂಟು. ಹಳೆಯ ಮನೆಯನ್ನು ದುರಸ್ತಿ ಮಾಡಿಸುವವನು ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಬರಿಯ ಅಡ್ಡಗೋಡೆ ಎಂಬುದನ್ನು ಅರಿತುಕೊಂಡೇ ಕೆಡವಬೇಕಾಗುತ್ತದೆ. ಈ ಹೊತ್ತು ನಮ್ಮ ಮದುವೆಗಳಲ್ಲಿ ನಡೆದಿರುವುದೂ ಇಂಥ ದುರಸ್ತಿಯೇ. ಸಂಪ್ರದಾಯವನ್ನು ಬಿಡಲಾರೆವು, ಹೊಸತನ್ನು ಬೇಡವೆನ್ನಲಾರೆವು. ಎರಡನ್ನೂ ಒಂದೇ ಹಂದರದ ಕೆಳಗೆ ಕೂಡಿಸುವ ಯತ್ನದಲ್ಲಿದ್ದೇವೆ.

ಯಾವುದೇ ಊರಿನ ಕಲ್ಯಾಣಮಂಟಪವನ್ನು ಹೊಕ್ಕರೂ ಈ ಕೂಟದ ಚಿತ್ರ ಕಣ್ಣಿಗೆ ಬೀಳುತ್ತದೆ. ಬಾಗಿಲಲ್ಲಿ ಬಾಳೆಯ ಕಂಬ, ಮಾವಿನ ತೋರಣ. ಅವುಗಳ ಪಕ್ಕದಲ್ಲಿಯೇ ವಧೂವರರ ಆಳೆತ್ತರದ ಭಾವಚಿತ್ರ. ಲಗ್ನಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟ ಮೇಲೆ ಅದರ ಪ್ರತಿ ವಾಟ್ಸಾಪಿನ ಮೂಲಕ ಊರೂರಿಗೆ ಹೋಗಿರುತ್ತದೆ. ಮದುವಣಗಿತ್ತಿ ಉಟ್ಟುದು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಮೈಸೂರು ರೇಷ್ಮೆ, ತೊಟ್ಟುದು ಈ ವರ್ಷದ ಮಾದರಿಯ ರವಿಕೆ. ಬೆಂಡಿನ ಬಾಸಿಂಗ ಕಟ್ಟಿಕೊಂಡ ವರನ ತಲೆಯ ಮೇಲೆ ಡ್ರೋನ್ ಕ್ಯಾಮೆರಾ ದುಂಬಿಯಂತೆ ಗುಂಯ್‌ಗುಡುತ್ತದೆ. ಅಮೆರಿಕದಲ್ಲಿರುವ ಸೋದರತ್ತೆ ಮಾಂಗಲ್ಯಧಾರಣೆಯನ್ನು ಮೊಬೈಲಿನಲ್ಲಿ ಕಂಡು ಅಲ್ಲಿಂದಲೇ ಅಕ್ಷತೆ ಹಾಕುತ್ತಾಳೆ. ಹಗಲು ಹನ್ನೊಂದು ಗಂಟೆಗೆ ಪುರೋಹಿತರು ಅರುಂಧತೀ ನಕ್ಷತ್ರವನ್ನು ತೋರಿಸುತ್ತಾರೆ. ವಧೂವರರು ವಿನಯದಿಂದ ಮಂಟಪದ ಸೂರನ್ನು ನೋಡಿ, ಕಂಡೆವೆನ್ನುತ್ತಾರೆ. ಹಗಲಿನಲ್ಲಿ ನಕ್ಷತ್ರವನ್ನು ಕಾಣಿಸುವ ಈ ಸೌಕರ್ಯವನ್ನು ಕಲ್ಪಿಸಿದವರು ಇಂದಿನವರಲ್ಲ, ಹಿಂದಿನವರೇ. ಸಂಪ್ರದಾಯವೆಂಬುದು ನಾವೆಣಿಸಿದಷ್ಟು ಬಿಗಿಯಾದುದಲ್ಲವೆನ್ನಲು ಇದೊಂದು ಸಾಕ್ಷಿ ಸಾಲದೆ?

ಹಿರಿಯರು ಈ ನೋಟವನ್ನು ಕಂಡು, "ಎಲ್ಲವೂ ಕೆಟ್ಟಿತು" ಎನ್ನುತ್ತಾರೆ. ಕಿರಿಯರು, "ನಮ್ಮ ಮದುವೆ, ನಮ್ಮ ಇಷ್ಟ" ಎನ್ನುತ್ತಾರೆ. ಹಳತು ಎಂಬುದು ಒಂದೇ ಅಚ್ಚಿನಲ್ಲಿ ಎರೆದ ವಸ್ತುವೆಂಬ ತಿಳಿವಳಿಕೆ ಮಾತ್ರ ಇಬ್ಬರದೂ ಒಂದೇ. ಅದನ್ನು ಮೊದಲು ಪರೀಕ್ಷಿಸಬೇಕು.

ಹಳತು ಒಂದೇ ಅಲ್ಲ

ಕನ್ನಡ ನಾಡಿನ ಮದುವೆಯ ಪದ್ಧತಿ ಹತ್ತು ಹರದಾರಿಗೊಮ್ಮೆ ಬದಲಾಗುವಂಥದು. ಹಳೆಯ ಮೈಸೂರಿನ ಕಡೆ ಹಸುರು ಗರಿಯ ಚಪ್ಪರ, ಹಾಲುಗಂಬ, ಧಾರೆ. ಧಾರವಾಡದ ಕಡೆ ಮದುವೆಗೆ ಅಕ್ಕಿಕಾಳು ಎಂದೇ ಹೆಸರು. ಅಲ್ಲಿ ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು, ನೂಲು ಸುತ್ತಿ, ನಡುವೆ ಕುಳ್ಳಿರಿಸಿ ಸುರಗಿಯ ನೀರೆರೆಯುತ್ತಾರೆ. ಕೊಡವರ ಮದುವೆಯಲ್ಲಿ ಪುರೋಹಿತರ ಕೆಲಸವೇ ಇಲ್ಲ. ಕುಲದ ಹಿರಿಯರು ಹರಸಿದರೆ ಮುಗಿಯಿತು. ಅಲ್ಲಿ ವರನ ಕಡೆಯವರು ಬಾಳೆಯ ದಿಂಡನ್ನು ಒಂದೇ ಪೆಟ್ಟಿಗೆ ಕಡಿದು ಮುಂದೆ ಸಾಗುತ್ತಾರೆ. ನೀರಿನ ಕೊಡ ಹೊತ್ತು ಬರುವ ವಧುವಿನ ದಾರಿಗೆ ಅಡ್ಡಲಾಗಿ ನೆಂಟರು ಓಲಗಕ್ಕೆ ಕುಣಿಯುತ್ತಾರೆ. ತುಳುನಾಡಿನಲ್ಲಿ ಮದುವೆಯ ಮುನ್ನಾ ಇರುಳು ಮದರಂಗಿಯ ಸಂಭ್ರಮ ಬಹುಕಾಲದ ರೂಢಿ.

ಹೀಗಿರುವಾಗ, "ಮೆಹೆಂದಿಯೂ ಕುಣಿತವೂ ಉತ್ತರದಿಂದ ಬಂದ ಪಿಡುಗುಗಳು" ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಾಗದು. ಮದರಂಗಿ ನಮ್ಮಲ್ಲಿಯೂ ಇತ್ತು, ಕುಣಿತವೂ ಇತ್ತು, ಅರಿಶಿನವಂತೂ ಎಲ್ಲೆಡೆಯೂ ಇತ್ತು. ಹಾಗಾದರೆ ಅರಿಶಿನದ ಶಾಸ್ತ್ರಕ್ಕೆ 'ಹಳದಿ' ಎಂಬ ಹೆಸರು ಬಂದು, ಎಲ್ಲರೂ ಒಂದೇ ಬಣ್ಣದ ಉಡುಪು ತೊಟ್ಟು ನಿಂತಾಗ ನಮಗೆ ಇರಿಸುಮುರಿಸಾಗುವುದೇಕೆ? ಹೆಸರು ಬದಲಾಯಿತೆಂದೇ? ನನ್ನ ಮಟ್ಟಿಗೆ ಕಾರಣ ಬೇರೆ.

ಮಾಡುವವರು, ನೋಡುವವರು

ಹಿಂದಿನ ಅರಿಶಿನದ ಶಾಸ್ತ್ರವು ಹಚ್ಚುವುದರಿಂದ ಮೊದಲಾಗುತ್ತಿರಲಿಲ್ಲ, ಕುಟ್ಟುವುದರಿಂದ ಮೊದಲಾಗುತ್ತಿತ್ತು. ಒರಳಿಗೂ ಒನಕೆಗೂ ಪೂಜೆ ಮಾಡಿ, ಕೇರಿಯ ಹೆಂಗಸರು ಸರದಿಯ ಮೇಲೆ ಕೈಹಾಕಿ ಕುಟ್ಟುತ್ತಿದ್ದರು. ಕುಟ್ಟುವ ಲಯಕ್ಕೆ ಸೋಬಾನೆ ಕೂಡುತ್ತಿತ್ತು. ಬೀಗರನ್ನು ಹಂಗಿಸುವ ಹಾಡು, ಮಗಳನ್ನು ಒಪ್ಪಿಸಿಕೊಡುವ ಹಾಡು, ಹಸೆಗೆ ಕರೆಯುವ ಹಾಡು — ಬಾಯಿಂದ ಬಾಯಿಗೆ ಬಂದ ಈ ಸಂಪತ್ತು ಎಷ್ಟು ದೊಡ್ಡದೆಂಬುದು ಓದುಬಲ್ಲವರ ಗಮನಕ್ಕೆ ಬಂದುದೇ ತಡವಾಗಿ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ, ನಮ್ಮ ಹೆಂಗಸರ ಬಾಳಿನ ಕವಿತ್ವ ಅಚ್ಚಿನಲ್ಲಿ ಕಾಣಿಸಿತು. ಆ ಕವಿತ್ವ ಬೆಳೆದುದು ಕವಿಗೋಷ್ಠಿಯಲ್ಲಿ ಅಲ್ಲ. ಬೀಸುವಲ್ಲಿ, ಕುಟ್ಟುವಲ್ಲಿ, ಮದುವೆಯ ಹಂದರದಲ್ಲಿ.

ಇದೇ ಬಗೆಯ ಇನ್ನೊಂದು ಮಾತು 'ಮುಯ್ಯಿ'. ಇಂದು "ಮುಯ್ಯಿ ತೀರಿಸಿಕೊಂಡ" ಎಂದರೆ ಸೇಡಿನ ನೆನಪಾಗುತ್ತದೆ. ಆದರೆ ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಹೋಗುವ ಮುಯ್ಯಾಳಿನಲ್ಲಿಯೂ ಮದುವೆಯ ಮುಯ್ಯಿಯಲ್ಲಿಯೂ ಇರುವುದು ಕೊಟ್ಟುದನ್ನು ಮರಳಿ ಕೊಡುವ ಸೌಜನ್ಯ. ಒಬ್ಬರು ಅಕ್ಕಿ ತಂದರು, ಒಬ್ಬರು ಸೀರೆ ತಂದರು, ಒಬ್ಬರು ಹತ್ತು ರೂಪಾಯಿ ಬರೆಸಿದರು. ಅವರ ಮನೆಯ ಮದುವೆಗೆ ಇವರು ಅಷ್ಟನ್ನೂ ಹೊತ್ತುಕೊಂಡು ಹೋದರು. ಬಡವನ ಮನೆಯ ಮದುವೆಯೂ ಊರಿನ ಹೆಗಲ ಮೇಲೆ ನಡೆದುಹೋಗುತ್ತಿತ್ತು. ಅತಿಥಿಯೆಂದರೆ ಊಟಕ್ಕೆ ಬಂದವನಲ್ಲ, ಕೆಲಸಕ್ಕೂ ಬಂದವನು.

ಇಂದು ಹೂವಿನವರು, ಅಡಿಗೆಯವರು, ದೀಪದವರು, ಪಟದವರು, ಇವರೆಲ್ಲರನ್ನೂ ಒಟ್ಟುಗೂಡಿಸುವ ಗುತ್ತಿಗೆಯವರು — ಹೀಗೆ ಕೈಗಳು ಹೆಚ್ಚಿವೆ. ನೆಂಟರ ಕೈಗೆ ಮಾತ್ರ ಕೆಲಸವಿಲ್ಲ. ಮುಹೂರ್ತದ ಗಳಿಗೆಯಲ್ಲಿ ಪಟ ತೆಗೆಯುವವರು ಹಸೆಮಣೆಯನ್ನು ಸುತ್ತುಗಟ್ಟಿ ನಿಂತಿರುತ್ತಾರೆ. ಎದುರಿಗೆ ಕುಳಿತವರು ಅವರ ಬೆನ್ನುಗಳನ್ನು ಕಂಡು, ಪಕ್ಕದ ದೊಡ್ಡ ತೆರೆಯಲ್ಲಿ ತಾಳಿ ಕಟ್ಟುವುದನ್ನು ನೋಡಿ, ಅಕ್ಷತೆಯನ್ನು ಮುಂದಿನ ಸಾಲಿನವರ ತಲೆಯ ಮೇಲೆ ಎಸೆಯುತ್ತಾರೆ. ಬೆಳಕು ಸಾಲದೆಂದು ವರನು ಅದೇ ಹೂಮಾಲೆಯನ್ನು ಎರಡನೆಯ ಸಲ ಹಾಕುವುದೂ ಉಂಟು. ಒಟ್ಟಿನಲ್ಲಿ, ಮದುವೆಯನ್ನು ಮಾಡುವವರಾಗಿದ್ದ ನಾವು ಮದುವೆಯನ್ನು ನೋಡುವವರಾಗಿದ್ದೇವೆ. ಇರಿಸುಮುರಿಸಿನ ಕಾರಣ ಇದು; ಹೆಸರು 'ಅರಿಶಿನ'ವಾದರೂ ಅಷ್ಟೆ, 'ಹಳದಿ'ಯಾದರೂ ಅಷ್ಟೆ.

ಮಲೆನಾಡಿನ ಹಸೆ ಚಿತ್ತಾರದ ಮಾತನ್ನೇ ತೆಗೆದುಕೊಳ್ಳಿ. ಸಾಗರದ ಸುತ್ತಿನ ದೀವರ ಹೆಂಗಸರು ಮದುವೆಯ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ನಾರಿನ ಕುಂಚ ಹಿಡಿದು ಬರೆಯುವ ಚಿತ್ರವದು. ಅದರ ಮುಂದೆ ವಧೂವರರನ್ನು ಕೂರಿಸುತ್ತಾರೆ. ಈಚೆಗೆ ಆ ಚಿತ್ತಾರ ನಗರದವರ ಮನಸ್ಸನ್ನೂ ಸೆಳೆದಿದೆ. ಅದನ್ನು ಬಟ್ಟೆಯ ಮೇಲೆ ಯಂತ್ರದಿಂದ ಅಚ್ಚು ಹಾಕಿಸಿ, ವೇದಿಕೆಯ ಹಿಂದೆ ತೂಗುಹಾಕಿ, ಮರುದಿನ ಮಡಿಚಿ ಎಸೆದರೆ ಅದೊಂದು ಅಲಂಕಾರ. ಬರೆಯಬಲ್ಲ ತಾಯಂದಿರನ್ನು ಮರ್ಯಾದೆಯಿಂದ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಮನೆಯ ಹೆಣ್ಣುಮಕ್ಕಳೂ ಜೊತೆಗೆ ಕುಳಿತು ಒಂದೆರಡು ಗೆರೆಯನ್ನಾದರೂ ಕಲಿತರೆ ಅದು ಸಂಪ್ರದಾಯ. ಕಣ್ಣಿಗೆ ಎರಡೂ ಒಂದೇ, ಬಾಳಿಗೆ ಒಂದಲ್ಲ.

"ನಮಗೇನೂ ಬೇಡ"

ವರದಕ್ಷಿಣೆ ನಿಷೇಧದ ಕಾಯಿದೆ ಬಂದುದು 1961ರಲ್ಲಿ. ಅಂದಿನಿಂದ ವರನ ಕಡೆಯವರ ಭಾಷೆ ಬಹಳ ನಯವಾಗಿದೆ. "ನಮಗೇನೂ ಬೇಡ, ಮದುವೆಯೊಂದನ್ನು ಗ್ರ್ಯಾಂಡಾಗಿ ಮಾಡಿಕೊಡಿ, ಸಾಕು" ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ದುಬಾರಿಯಾದ ವಾಕ್ಯ ಇನ್ನೊಂದಿರಲಾರದು. ಆ ಒಂದು ವಿಶೇಷಣದ ಹೊರೆಗೆ ಎಷ್ಟೋ ತಂದೆಯರ ಭವಿಷ್ಯನಿಧಿ ಕರಗುತ್ತದೆ, ಹೊಲ ಅಡವಾಗುತ್ತದೆ. ಸಂಪ್ರದಾಯದ ಹೆಸರಿನಲ್ಲಿ ಐದು ಶಾಸ್ತ್ರ, ಆಧುನಿಕತೆಯ ಹೆಸರಿನಲ್ಲಿ ಇನ್ನೈದು ಸಮಾರಂಭ. ಹಳತು ಹೊಸತುಗಳ ಈ ಕೂಟದಲ್ಲಿ ಎರಡರ ಖರ್ಚೂ ಕೂಡಿಕೊಳ್ಳುತ್ತದೆ, ಕಳೆಯುವುದಿಲ್ಲ.

ಖರ್ಚಿಲ್ಲದೆಯೂ ಮದುವೆ ಆಗುತ್ತದೆಂಬುದನ್ನು ನಾವು ಕಾಣದವರಲ್ಲ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹಗಳಲ್ಲಿ ಸಾವಿರಾರು ಜೋಡಿಗಳು ಸಾಲದ ಹಂಗಿಲ್ಲದೆ ಸಂಸಾರ ಹೂಡಿದ್ದಾರೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಮದುವೆಗೆ ಐವತ್ತು ಜನರ ಮಿತಿ ಬಿದ್ದಾಗ, ಎಷ್ಟೋ ಮನೆಗಳ ಅಂಗಳದಲ್ಲಿ ಮತ್ತೆ ಚಪ್ಪರ ಎದ್ದಿತು, ಅಣ್ಣತಮ್ಮಂದಿರೇ ಬಡಿಸಿದರು, ತಾಳಿ ಕಟ್ಟುವುದು ಎಲ್ಲರಿಗೂ ಕಂಡಿತು. ಮಿತಿ ತೆಗೆದ ಮೇಲೆ ಆ ನೆನಪೂ ಹಿಂದೆ ಸರಿಯಿತು.

ನ್ಯಾಯಾಲಯವೂ ಈ ಮಾತನ್ನು ಆಡಿದೆ. ವಿಧಿಗಳೇ ನಡೆಯದೆ ಬರಿಯ ಪ್ರಮಾಣಪತ್ರ ಪಡೆದಿದ್ದ ಒಂದು ಮೊಕದ್ದಮೆಯಲ್ಲಿ, 2024ರಲ್ಲಿ, ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ಮದುವೆಯೆಂಬುದು ಹಾಡಿ ಕುಣಿದು ಉಂಡು ಹೋಗುವ ಸಂದರ್ಭವಲ್ಲ, ಗಂಭೀರವಾದ ಸಂಸ್ಕಾರವೆಂದು ತಿಳಿಸಿತು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ, ಸಪ್ತಪದಿಯಿರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆಯನ್ನಿಟ್ಟಾಗ ಮದುವೆ ಪೂರ್ಣವಾಗುತ್ತದೆ. ಏಳು ಹೆಜ್ಜೆಗೆ ಎಷ್ಟು ಎಡೆ ಬೇಕು? ಒಂದು ಜಗಲಿ ಸಾಕು.

ನಿಜವಾದ ಹೊಸತು ಯಾವುದು?

ಇಷ್ಟು ಹೇಳಿದುದರಿಂದ ಹಳೆಯದೆಲ್ಲವೂ ಹೊನ್ನೆಂದು ಯಾರೂ ಭಾವಿಸಬಾರದು. ಆ ಸೋಬಾನೆಯ ಹಂದರದಲ್ಲಿಯೇ ಒಂದು ಮೂಲೆಯಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಆ ಮೂಲೆಯಲ್ಲಿ ನಿಲ್ಲಬೇಕಾಗಿತ್ತು. ಹೆತ್ತು, ಒಂಟಿಯಾಗಿ ದುಡಿದು, ಓದಿಸಿ ಬೆಳೆಸಿದ ಮಗಳಿಗೆ ಅರಿಶಿನ ಹಚ್ಚಲು ಆ ತಾಯಿಯ ಕೈ ಆಗುತ್ತಿರಲಿಲ್ಲ; ಧಾರೆಯೆರೆಯಲು ಚಿಕ್ಕಪ್ಪ ಚಿಕ್ಕಮ್ಮಂದಿರು ಬರಬೇಕಾಗಿತ್ತು. ಕೇರಿಯವರೆಲ್ಲರ ಕೈಗೆ ಕೆಲಸ ಕೊಟ್ಟ ಮದುವೆ, ಕೊಡಲೇಬೇಕಾದ ಕೈಗೆ ಕೊಡಲಿಲ್ಲ. ಈಚೆಗೆ ಅಲ್ಲಲ್ಲಿ ಹೆಣ್ಣುಮಕ್ಕಳು, "ಅಮ್ಮನೇ ಧಾರೆಯೆರೆಯಬೇಕು" ಎಂದು ಹಟ ಹಿಡಿದು ನಡೆಸಿಕೊಂಡಿರುವುದನ್ನು ಕಾಣುತ್ತೇವೆ. ಅದೇ ಕಲಶ, ಅದೇ ನೀರು, ಅದೇ ಮಂತ್ರ. ಹಿಡಿದ ಕೈ ಮಾತ್ರ ಹೊಸತು. ಡ್ರೋನು ಹಾರಿದರೆ ಮದುವೆ ಆಧುನಿಕವಾಗುವುದಿಲ್ಲ. ಈ ಕೈ ಕಲಶವನ್ನು ಮುಟ್ಟಿದಾಗ ಆಗುತ್ತದೆ.

ಇಂಥ ಹೊಸತಿಗೆ ನಮ್ಮಲ್ಲಿ ವಂಶಾವಳಿಯೂ ಉಂಟು. 12ನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಮದುವೆಯಾಯಿತೆಂದೂ, ಜಾತಿಯ ಗಡಿ ಮೀರಿದ ಆ ಸಂಬಂಧಕ್ಕಾಗಿ ಅವರಿಬ್ಬರೂ ಪ್ರಾಣವನ್ನೇ ತೆತ್ತರೆಂದೂ ಪರಂಪರೆ ಹೇಳುತ್ತದೆ. ಗಿರೀಶ ಕಾರ್ನಾಡರ 'ತಲೆದಂಡ' ನಾಟಕದ ನಡುವಿರುವುದು ಆ ಮದುವೆಯೇ. ನಮ್ಮ ಕಾಲಕ್ಕೆ ಸಮೀಪದಲ್ಲಿ ಕುವೆಂಪು ಅವರು 'ಮಂತ್ರಮಾಂಗಲ್ಯ'ವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದೇ ಕ್ರಮದಲ್ಲಿ ನಡೆಸಿದರು. ಅವರು ಮಂತ್ರವನ್ನು ಬಿಡಲಿಲ್ಲ. ಅದರ ಅರ್ಥವನ್ನು ಕನ್ನಡದಲ್ಲಿ ಕೊಟ್ಟು, ವಧೂವರರೇ ತಿಳಿದು ಒಪ್ಪುವಂತೆ ಮಾಡಿದರು. ಬಿಟ್ಟದ್ದು ವರದಕ್ಷಿಣೆಯನ್ನು, ದುಂದನ್ನು, ಅರ್ಥವರಿಯದ ಅನುಕರಣವನ್ನು. ಭಾರ ಹೊತ್ತ ಗೋಡೆ ಯಾವುದು, ಅಡ್ಡಗೋಡೆ ಯಾವುದು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಇಂದಿಗೂ ತರುಣರು ಆ ಕ್ರಮವನ್ನು ಆರಿಸಿಕೊಳ್ಳುತ್ತಿರುವುದು ಸಮಾಧಾನದ ಸಂಗತಿ.

ಇಳಕಲ್ಲಿನ ಕೊಂಡಿ

ಹಳತು ಹೊಸತುಗಳ ಕೂಟ ಹೇಗಿರಬೇಕೆಂದು ಕೇಳುವವರಿಗೆ ನಾನು ಇಳಕಲ್ಲಿನ ಸೀರೆಯನ್ನು ತೋರಿಸಬಯಸುತ್ತೇನೆ. ಆ ಸೀರೆಯ ಒಡಲಿನ ಹಾಸು ಹತ್ತಿಯದಿರಬಹುದು. ಸೆರಗಿನ ಹಾಸು ರೇಷ್ಮೆಯದು. ಎರಡು ಗುಣದ ಎರಡು ನೂಲು. ನೇಕಾರರು ಸೆರಗನ್ನು ಬೇರೆ ನೇಯ್ದು ಹೊಲಿಗೆ ಹಾಕುವುದಿಲ್ಲ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿ, ಆಮೇಲೆ ನೇಯುತ್ತಾರೆ. ಅದು ತಾಳ್ಮೆಯ ಕೆಲಸ. ಆದುದರಿಂದಲೇ ಉಟ್ಟಾಗ ಸೆರಗು ಒಡಲಿನಿಂದ ಬೇರೆಯೆನಿಸುವುದಿಲ್ಲ; ಬಣ್ಣ ಬೇರೆಯಾದರೂ ಬಟ್ಟೆ ಒಂದೇ.

ಮದುವೆಯಲ್ಲಿಯೂ ಹೊಸತೊಂದನ್ನು ತರುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದರಿಂದ ಹಂದರದ ಕೆಳಗಿರುವವರ ಕೈಗೆ ಕೆಲಸ ಬರುವುದೋ, ಕೆಲಸ ತಪ್ಪುವುದೋ? ಮೂಲೆಯಲ್ಲಿ ನಿಂತಿದ್ದವರು ಇದರಿಂದ ನಡುವೆ ಬರುವರೋ, ನಡುವೆ ಇದ್ದವರೂ ಮೂಲೆಗೆ ಸರಿಯುವರೋ? ದೂರದ ಸೋದರತ್ತೆಯನ್ನು ಧಾರೆಯ ಗಳಿಗೆಗೆ ಕರೆತರುವ ಮೊಬೈಲು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಎದುರಿಗಿದ್ದ ಸೋದರತ್ತೆಗೆ ಧಾರೆಯನ್ನು ಕಾಣಗೊಡದ ಕ್ಯಾಮೆರಾ ಸೋಲುತ್ತದೆ. ಕಲ್ಯಾಣಮಂಟಪವನ್ನು ಗೊತ್ತುಮಾಡಿ ಮುಂಗಡ ಕೊಡುವುದಕ್ಕೆ ಮೊದಲು, ಎರಡೂ ಮನೆಯವರು ಒಂದು ಸಂಜೆ ಕುಳಿತು ಈ ಲೆಕ್ಕವನ್ನೂ ಹಾಕುವುದು ಒಳ್ಳೆಯದು.