ಒಂಟಿ ಹೆಣ್ಣಿಗೆ ರೂಮಿಲ್ಲ ಎಂಬುದು ಲಾಡ್ಜಿನ ಮಾತು, ಕಾನೂನಿನ ಮಾತಲ್ಲ

ಸೇಲಂ: 'ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ' ಎಂಬುದು ನಮ್ಮ ಹಳೆಯ ಗಾದೆ. ಊರಿಗೆ ಬಂದವಳಿಗೆ ನೀರೇನೋ ಸಿಗುತ್ತದೆ. ರಾತ್ರಿ ಮಲಗಲು ಜಾಗ ಸಿಗುತ್ತದೆಯೇ ಎಂಬುದು ಪ್ರಶ್ನೆ. ಅದರಲ್ಲೂ ಬಂದವಳು ಒಬ್ಬಂಟಿ, ಕೈಯಲ್ಲಿ ಹಣ ಕಡಿಮೆ, ಮೇಲಾಗಿ ಸಲಿಂಗಪ್ರೇಮಿ ಎಂದಾದರೆ?

ಬೆಂಗಳೂರಿನಿಂದ ಧರ್ಮಪುರಿ, ಸೇಲಂ ಕಡೆಗೆ ಒಬ್ಬರೇ ಹೊರಡುವ ಯುವತಿಯರು ಈಗ ಅಪರೂಪವಲ್ಲ. ಹೊಗೆನಕಲ್ಲು ಜಲಪಾತ, ಏರ್ಕಾಡು ಬೆಟ್ಟ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟು ಎಲ್ಲವೂ ವಾರಾಂತ್ಯದ ದೂರದಲ್ಲಿವೆ. 'ಹೊಗೆ' ಮತ್ತು 'ಕಲ್ಲು' ಎಂಬ ಕನ್ನಡ ಪದಗಳೇ ಜಲಪಾತದ ಹೆಸರಿನಲ್ಲಿವೆ. ಈ ಜಿಲ್ಲೆಗಳಲ್ಲಿ ಕನ್ನಡ ಮಾತನಾಡುವ ಕುಟುಂಬಗಳೂ ಇವೆ. ಆದ್ದರಿಂದ ದಾರಿ ಕೇಳುವುದಕ್ಕೆ ಕನ್ನಡತಿಗೆ ಹೆಚ್ಚು ಕಷ್ಟವಿಲ್ಲ. ಕಷ್ಟ ಶುರುವಾಗುವುದು ಲಾಡ್ಜಿನ ಕೌಂಟರ್ ಮುಂದೆ.

ಮ್ಯಾನೇಜರ್ ಕೇಳುವ ಪ್ರಶ್ನೆ

"ಜೊತೆಗೆ ಯಾರು ಬಂದಿದ್ದಾರೆ?" ಎಂಬುದು ಮೊದಲ ಪ್ರಶ್ನೆ. ಯಾರೂ ಇಲ್ಲ ಎಂದರೆ "ರೂಮ್ ಖಾಲಿ ಇಲ್ಲ" ಎಂಬ ಉತ್ತರ ಬರುವುದುಂಟು. ಮ್ಯಾನೇಜರ್‌ನನ್ನು ಬೈದು ಪ್ರಯೋಜನವಿಲ್ಲ, ಅವನ ಭಯಕ್ಕೂ ಕಾರಣವಿದೆ. ವೇಶ್ಯಾವಾಟಿಕೆ ನಡೆಯಿತೆಂದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಕೇಸು ಬಿದ್ದರೆ ಲಾಡ್ಜ್ ನಡೆಸುವವನೂ ಸಿಕ್ಕಿಬೀಳುತ್ತಾನೆ. ಒಂಟಿಯಾಗಿ ಬಂದವರು ಪ್ರಾಣಕ್ಕೆ ಅಪಾಯ ಮಾಡಿಕೊಂಡರೆ ಠಾಣೆ ಸುತ್ತಬೇಕಾದವನೂ ಅವನೇ. ಆದರೆ ಈ ಭಯದ ಬೆಲೆಯನ್ನು ತೆರುವವಳು ಮಾತ್ರ ರಾತ್ರಿ ಹತ್ತು ಗಂಟೆಗೆ ಬ್ಯಾಗ್ ಹಿಡಿದು ಬೀದಿಗೆ ಮರಳುವ ಹೆಣ್ಣು!

ಇನ್ನೊಂದು ವಿಚಿತ್ರವಿದೆ. ಗಂಡು-ಹೆಣ್ಣು ಜೊತೆಯಾಗಿ ಬಂದರೆ ಮದುವೆಯ ದಾಖಲೆ ಕೇಳುವ ಕೌಂಟರಿನಲ್ಲಿಯೇ ಇಬ್ಬರು ಹೆಂಗಸರು ಬಂದರೆ "ಅಕ್ಕತಂಗಿಯರಾ?" ಎಂದು ಕೇಳಿ ಕೀಲಿ ಕೊಟ್ಟುಬಿಡುತ್ತಾರೆ. ಸಲಿಂಗಪ್ರೇಮಿ ಮಹಿಳೆಯರಿಗೆ ಇದು ನೆರಳೂ ಹೌದು, ಉರುಳೂ ಹೌದು. ಸುಮ್ಮನಿದ್ದಷ್ಟು ಹೊತ್ತು ರೂಮು ಅವರದು. ಆದರೆ ಕ್ರಾಪ್ ಕೂದಲು, ಪ್ಯಾಂಟ್-ಶರ್ಟಿನ ಯುವತಿ ಬಂದರೆ ನೋಟವೇ ಬೇರೆ. ಗುರುತಿನ ಚೀಟಿಯನ್ನು ಎರಡೆರಡು ಸಲ ತಿರುಗಿಸಿ ನೋಡುತ್ತಾರೆ.

ಕಾನೂನು ಏನು ಹೇಳುತ್ತದೆ?

ಒಂಟಿ ಮಹಿಳೆಗೆ ರೂಮು ಕೊಡಬಾರದು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಬದಲಾಗಿ, ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್ ಮುಂತಾದ ಕಡೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕರಿಗೂ ಪ್ರವೇಶ ತಡೆಯಬಾರದು ಎನ್ನುತ್ತದೆ. ಇದು ಸರ್ಕಾರಕ್ಕಷ್ಟೇ ಅಲ್ಲ, ಖಾಸಗಿ ಹೋಟೆಲಿಗೂ ಅನ್ವಯಿಸುವ ಮಾತು.

ಮದ್ರಾಸ್ ಹೈಕೋರ್ಟಿನ ಒಂದು ತೀರ್ಪನ್ನೂ ಇಲ್ಲಿ ನೆನೆಯಬೇಕು. 2019ರಲ್ಲಿ ಕೊಯಮತ್ತೂರಿನ ವಸತಿಗೃಹವೊಂದಕ್ಕೆ ಅಧಿಕಾರಿಗಳು ಬೀಗ ಜಡಿದರು. ಮದುವೆಯಾಗದ ಜೋಡಿ ಒಂದೇ ರೂಮಿನಲ್ಲಿತ್ತು ಎಂಬುದು ಕಾರಣಗಳಲ್ಲೊಂದು. ಮದುವೆಯಾಗದ ಗಂಡು-ಹೆಣ್ಣು ಹೋಟೆಲ್ ರೂಮಿನಲ್ಲಿ ತಂಗಬಾರದು ಎನ್ನುವ ಕಾನೂನೇ ಇಲ್ಲ ಎಂದು ನ್ಯಾಯಮೂರ್ತಿ ಎಂ.ಎಸ್. ರಮೇಶ್ ಅದೇ ವರ್ಷ ಡಿಸೆಂಬರ್‌ನಲ್ಲಿ ಹೇಳಿ ಬೀಗ ತೆಗೆಸಿದರು. ಜೋಡಿಗೇ ಅಡ್ಡಿ ಇಲ್ಲದ ಮೇಲೆ ಒಂಟಿಯಾಗಿ ಬಂದವಳಿಗೆ ಎಲ್ಲಿಯ ಅಡ್ಡಿ?

ಇನ್ನು ಸಲಿಂಗ ಸಂಬಂಧದ ವಿಷಯ. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಾರಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಗಲಿಲ್ಲ ನಿಜ. ಆದರೆ ರೂಮು ಹಿಡಿಯಲು ಮದುವೆ ಬೇಕಾಗಿಲ್ಲವಲ್ಲ!

ರಿಜಿಸ್ಟರ್ ಎಂಬ ಪುಸ್ತಕ

ರೂಮು ಸಿಕ್ಕಿದ ಮಾತ್ರಕ್ಕೆ ಆತಂಕ ಮುಗಿಯುವುದಿಲ್ಲ. ಹೆಸರು, ವಿಳಾಸ, ಫೋನ್ ನಂಬರ್, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂದು ಬರೆಸಿಕೊಳ್ಳುವ ಲಾಡ್ಜಿನ ರಿಜಿಸ್ಟರ್ ಉಳಿದವರಿಗೆ ಬರೀ ಪುಸ್ತಕ. ಮನೆಯವರ ವಿರೋಧ ಕಟ್ಟಿಕೊಂಡು ಹೊರಟ ಹುಡುಗಿಗೆ ಅದು ಹಾಗಲ್ಲ. ಊರಿನಲ್ಲಿ 'ಮಗಳು ಕಾಣೆ' ಎಂದು ದೂರು ದಾಖಲಾದರೆ ಪೊಲೀಸರು ತಡಕುವ ಜಾಗಗಳಲ್ಲಿ ಲಾಡ್ಜಿನ ರಿಜಿಸ್ಟರ್ ಕೂಡ ಒಂದು. ಪ್ರವಾಸ ಹೊರಟವಳು ಪೊಲೀಸ್ ಜೀಪಿನಲ್ಲಿ ಮನೆಗೆ ಮರಳುವ ಭಯ ಇದ್ದೇ ಇರುತ್ತದೆ.

ಈ ಭಯಕ್ಕೆ ಒಂದು ಮಟ್ಟಿನ ಉತ್ತರ ಸಿಕ್ಕಿದ್ದು ತಮಿಳುನಾಡಿನಲ್ಲಿಯೇ. ಮಧುರೈನ ಇಬ್ಬರು ಯುವತಿಯರು ಮನೆಯವರ ವಿರೋಧದಿಂದಾಗಿ ಚೆನ್ನೈಗೆ ಬಂದರು. ಹಿಂದೆಯೇ ಕಾಣೆಯಾದ ದೂರುಗಳೂ ಬಂದವು. ಪ್ರಕರಣ ಕೇಳಿದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯದಲ್ಲಿ ತಮ್ಮ ತಿಳುವಳಿಕೆ ಸಾಲದು ಎಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡು ಮನಃಶಾಸ್ತ್ರಜ್ಞರೊಬ್ಬರ ಬಳಿ ತಾವೇ ಕುಳಿತು ಕೇಳಿ ತಿಳಿದರು. 2021ರ ಜೂನ್ 7ರಂದು ಅವರು ನೀಡಿದ ಆದೇಶದ ತಿರುಳು ಇಷ್ಟು: ಕಾಣೆಯಾದವರು ಪತ್ತೆಯಾಗಿ, ಅವರು ವಯಸ್ಕರು, ಸ್ವಇಚ್ಛೆಯಿಂದ ಹೋಗಿರುವ ಲೈಂಗಿಕ ಅಲ್ಪಸಂಖ್ಯಾತರು ಎಂದು ತಿಳಿದರೆ ಪೊಲೀಸರು ಹೇಳಿಕೆ ಪಡೆದು, ಕಿರುಕುಳ ಕೊಡದೆ ದೂರನ್ನು ಮುಕ್ತಾಯಗೊಳಿಸಬೇಕು.

ಮುಂದೆ 2022ರಲ್ಲಿ ತಮಿಳುನಾಡು ಸರ್ಕಾರ ಪೊಲೀಸ್ ನಡತೆ ನಿಯಮಗಳಿಗೇ ತಿದ್ದುಪಡಿ ತಂದು, ಈ ಸಮುದಾಯದವರಿಗೆ ಕಿರುಕುಳ ಕೊಡಬಾರದು ಎಂದು ಸೇರಿಸಿತು. 2025ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ, ಹೆತ್ತವರ ಹಿಡಿತದಲ್ಲಿದ್ದ ಯುವತಿಯೊಬ್ಬಳನ್ನು ಅವಳ ಇಚ್ಛೆಯಂತೆ ಹೋಗಲು ಬಿಟ್ಟಿತು. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದೂ ಪೀಠ ಹೇಳಿತು. ಆ ಪ್ರಕರಣದಲ್ಲಿ ಯುವತಿಯನ್ನು ಮನೆಯವರ ಜೊತೆ ಕಳಿಸಿದ್ದ ಪೊಲೀಸರಿಗೆ ಛೀಮಾರಿಯೂ ಬಿತ್ತು. ಆದೇಶ ಬಂದು ನಾಲ್ಕು ವರ್ಷವಾದರೂ ಎಲ್ಲ ಠಾಣೆಗೂ ಅದು ತಲುಪಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ಮನೆಯಿಂದ ದೂರು ಹೋಗಬಹುದು ಎಂಬ ಅನುಮಾನವಿದ್ದವರು, ತಾವು 18 ವರ್ಷ ದಾಟಿದವರು, ಸ್ವಇಚ್ಛೆಯಿಂದ ಹೊರಟವರು ಎಂದು ಊರಿನ ಠಾಣೆಗೆ ಮೊದಲೇ ಸ್ಪೀಡ್ ಪೋಸ್ಟ್‌ನಲ್ಲಿ ತಿಳಿಸಿ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ನಂಬಿಕೆಯ ಒಬ್ಬ ಗೆಳತಿಗಾದರೂ ತಂಗುವ ಜಾಗ ಗೊತ್ತಿರಲಿ.

ಅಗ್ಗದಲ್ಲಿ ಎಲ್ಲಿ ತಂಗಬಹುದು?

ಗೋಕರ್ಣ, ಹಂಪಿಯಲ್ಲಿ ಕಾಣುವಂಥ ಬೆಡ್ ಲೆಕ್ಕದ ಪ್ರವಾಸಿ ಹಾಸ್ಟೆಲ್ ಸಂಸ್ಕೃತಿ ಈ ಎರಡು ಜಿಲ್ಲೆಗಳಲ್ಲಿ ಇನ್ನೂ ಅಷ್ಟಾಗಿ ಬೆಳೆದಿಲ್ಲ. ಇಲ್ಲಿ ಹಾಸ್ಟೆಲ್ ಎಂದರೆ ವಿದ್ಯಾರ್ಥಿನಿಯರದ್ದು, ಇಲ್ಲವೇ ಉದ್ಯೋಗಸ್ಥ ಮಹಿಳೆಯರದ್ದು.

ತಮಿಳುನಾಡು ಸರ್ಕಾರದ ನಿಗಮ ನಡೆಸುವ 'ತೋಳಿ' ಮಹಿಳಾ ವಸತಿಗೃಹ ಸೇಲಂನಲ್ಲಿದೆ. ತೋಳಿ ಎಂದರೆ ಗೆಳತಿ. ತಿಂಗಳ ಲೆಕ್ಕದ ಜೊತೆಗೆ ದಿನದ ಲೆಕ್ಕದಲ್ಲಿಯೂ ತಂಗುವ ಪದ್ಧತಿ ಈ ವಸತಿಗೃಹಗಳಲ್ಲಿದೆ. ಆದರೆ ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಸೇಲಂ ಜಂಕ್ಷನ್‌ನಲ್ಲಿ ರೈಲ್ವೆ ವಿಶ್ರಾಂತಿ ಕೊಠಡಿಗಳಿವೆ. ಇಲ್ಲಿ ಕೇಳುವುದು ಟಿಕೆಟಿನ ಪಿಎನ್‌ಆರ್ ನಂಬರ್, ಗಂಡನ ಹೆಸರಲ್ಲ. ಆನ್‌ಲೈನ್‌ನಲ್ಲಿಯೂ ಕಾಯ್ದಿರಿಸಬಹುದು. ಏರ್ಕಾಡು ಮತ್ತು ಹೊಗೆನಕಲ್ಲಿನಲ್ಲಿ ಪ್ರವಾಸೋದ್ಯಮ ನಿಗಮದ 'ಹೋಟೆಲ್ ತಮಿಳುನಾಡು' ಇದೆ. ಸರ್ಕಾರಿ ಸಂಸ್ಥೆಯಾದ್ದರಿಂದ ತಕರಾರು ಬಂದರೆ ಲಿಖಿತ ದೂರಿಗೆ ಉತ್ತರ ಕೊಡುವವರು ಇರುತ್ತಾರೆ. ಬೇಸಿಗೆ ಉತ್ಸವ ನಡೆಯುವ ಮೇ ತಿಂಗಳಲ್ಲಿ ಏರ್ಕಾಡಿನಲ್ಲಿ ರೂಮು ಸಿಗುವುದು ಕಷ್ಟ. ಕಾವೇರಿ ತುಂಬಿ ಹರಿಯುವ ದಿನಗಳಲ್ಲಿ ಹೊಗೆನಕಲ್ಲಿನಲ್ಲಿ ಹರಿಗೋಲು, ಸ್ನಾನ ಎರಡಕ್ಕೂ ಜಿಲ್ಲಾಡಳಿತ ತಡೆ ಹಾಕುತ್ತದೆ, ವಿಚಾರಿಸಿಯೇ ಹೊರಡಬೇಕು.

ಹಗಲಿನಲ್ಲಿಯೇ ತಲುಪುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ಎರ್ನಾಕುಳಂ ಇಂಟರ್‌ಸಿಟಿ ರೈಲು ಹೊಸೂರು, ಧರ್ಮಪುರಿ ಮಾರ್ಗವಾಗಿ ಮಧ್ಯಾಹ್ನಕ್ಕೆ ಮೊದಲೇ ಸೇಲಂ ಮುಟ್ಟುತ್ತದೆ. ಒಂದು ಲಾಡ್ಜ್ ಇಲ್ಲವೆಂದರೆ ಮತ್ತೊಂದನ್ನು ಹುಡುಕಲು ಹೊತ್ತಿರುತ್ತದೆ. ರಾತ್ರಿ ಬಂದವಳಿಗೆ ಆ ಆಯ್ಕೆ ಇರುವುದಿಲ್ಲ.

ಬಣ್ಣ, ಪಾಸ್‌ಪೋರ್ಟ್, ಆಧಾರ್

ಕಪ್ಪು ಮೈಬಣ್ಣ ಈ ಸೀಮೆಯಲ್ಲಿ ಹೊಸದಲ್ಲ. ಆದರೆ ಆಫ್ರಿಕಾ ಮೂಲದವರು ಅಥವಾ ಮುಖಚಹರೆ ಬೇರೆಯಾಗಿ ಕಾಣುವ ಈಶಾನ್ಯ ರಾಜ್ಯದವರು ಬಂದರೆ ಅನುಮಾನ ಇಮ್ಮಡಿಯಾಗುತ್ತದೆ. ವಿದೇಶಿ ಪಾಸ್‌ಪೋರ್ಟಿನವರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡುವ ಹೊಣೆ ಲಾಡ್ಜಿನದು. ಆ ರಗಳೆಯೇ ಬೇಡವೆಂದು ಸಣ್ಣ ಲಾಡ್ಜಿನವರು ಕೈ ಆಡಿಸಿಬಿಡುವುದುಂಟು. ಅಮೆರಿಕದಿಂದ ಬರುವ ನಮ್ಮ ಕನ್ನಡದ ಮನೆಮಕ್ಕಳಿಗೂ ಇದೇ ಮಾತು. ವಿದೇಶಿಯರನ್ನು ಇಳಿಸಿಕೊಳ್ಳುತ್ತಾರೆಯೇ ಎಂದು ಫೋನಿನಲ್ಲಿಯೇ ಕೇಳಿಕೊಳ್ಳಬೇಕು.

ನಾಗರಿಕರಿಗೆ ಗುರುತಿನ ಚೀಟಿ ತೋರಿಸುವುದು ಕಡ್ಡಾಯ. ಆದರೆ ಆಧಾರ್‌ನ ಪೂರ್ತಿ ಸಂಖ್ಯೆ ಬಿಟ್ಟು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ವೆಬ್‌ಸೈಟಿನಿಂದಲೇ ಪಡೆಯಬಹುದು.

ಹಣ ಕಟ್ಟಿ ಕಾಯ್ದಿರಿಸಿದ ರೂಮನ್ನು ಒಂಟಿ ಹೆಣ್ಣು ಎಂಬ ಕಾರಣಕ್ಕೆ ನಿರಾಕರಿಸಿದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಬೇಕು. ಬರೆದುಕೊಡಲು ಹೆಚ್ಚಿನವರು ಹಿಂಜರಿಯುತ್ತಾರೆ, ಎಷ್ಟೋ ಸಲ ಅಲ್ಲಿಯೇ ಕೀಲಿ ಸಿಗುತ್ತದೆ. ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಪಾಯ ಎನಿಸಿದರೆ 112, ಮಹಿಳಾ ಸಹಾಯವಾಣಿ 181, ರೈಲಿನಲ್ಲಿದ್ದರೆ 139. ಹೊರಡುವ ಮೊದಲೇ ಈ ನಾಲ್ಕು ನಂಬರ್‌ಗಳನ್ನು ಫೋನಿಗೆ ಹಾಕಿಕೊಂಡರೆ ಒಳ್ಳೆಯದು.