ಕೈಗೆ ತಕ್ಕ ರಬ್ಬರು

1952ರಲ್ಲಿ ಮುಂಬಯಿ ನಗರದಲ್ಲಿ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಾವಳಿ ನಡೆಯಿತು. ಅದರಲ್ಲಿ ಭಾಗವಹಿಸಲು ಜಪಾನಿನಿಂದ ಬಂದಿದ್ದ ಹಿರೋಜಿ ಸಾಟೊ ಎಂಬವರ ಬ್ಯಾಟು ಎಲ್ಲರ ಗಮನವನ್ನೂ ಸೆಳೆಯಿತು. ಇತರ ಆಟಗಾರರ ಬ್ಯಾಟುಗಳಿಗೆ ತೆಳುವಾದ ರಬ್ಬರಿನ ಹೊದಿಕೆಯಿದ್ದರೆ, ಸಾಟೊ ಅವರ ಬ್ಯಾಟಿಗೆ ದಪ್ಪನೆಯ ಸ್ಪಾಂಜನ್ನು ಅಂಟಿಸಲಾಗಿತ್ತು. ಚೆಂಡು ತಗುಲಿದಾಗ ಕೇಳಿಬರುವ ‘ಟಕ್’ ಎಂಬ ಸದ್ದು ಈ ಬ್ಯಾಟಿನಿಂದ ಬರುತ್ತಿರಲಿಲ್ಲ. ಹೊಡೆತದ ಬಲವನ್ನು ಸದ್ದಿನಿಂದಲೂ ಅಳೆಯುತ್ತಿದ್ದ ಎದುರಾಳಿಗಳು ಕಕ್ಕಾಬಿಕ್ಕಿಯಾದರು. ಆ ವರ್ಷದ ಪುರುಷರ ಸಿಂಗಲ್ಸ್ ಪ್ರಶಸ್ತಿ ಸಾಟೊ ಅವರಿಗೆ ದೊರೆಯಿತು.

ಅಂದಿನಿಂದ ಬ್ಯಾಟಿನ ಹೊದಿಕೆಯ ವಿಚಾರ ದೊಡ್ಡ ಚರ್ಚೆಯಾಯಿತು. ಕೊನೆಗೆ 1959ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಒಕ್ಕೂಟವು ಅದಕ್ಕೊಂದು ಮಿತಿಯನ್ನು ಗೊತ್ತುಪಡಿಸಿತು. ಬರಿಯ ಸ್ಪಾಂಜನ್ನು ಬಳಸುವಂತಿಲ್ಲ. ಅದರ ಮೇಲೆ ರಬ್ಬರಿನ ಹಾಳೆಯಿರಬೇಕು. ಎರಡೂ ಸೇರಿ 4 ಮಿಲಿಮೀಟರನ್ನು ಮೀರಬಾರದು. ಈ ಮಿತಿ ಇಂದಿಗೂ ಜಾರಿಯಲ್ಲಿದೆ. ಆದರೆ ಆ 4 ಮಿಲಿಮೀಟರಿನೊಳಗೆ ಎಷ್ಟೊಂದು ಬಗೆಗಳಿವೆಯೆಂದರೆ, ಅಂಗಡಿಯ ಮುಂದೆ ನಿಂತ ಹೊಸ ಆಟಗಾರನಿಗೆ ಯಾವುದನ್ನು ಕೊಳ್ಳಬೇಕೆಂಬುದೇ ತಿಳಿಯದು.

ರಬ್ಬರಿನ ಕೆಲಸ ಮುಖ್ಯವಾಗಿ ಎರಡು. ಚೆಂಡಿಗೆ ವೇಗವನ್ನು ಕೊಡುವುದು ಒಂದು. ಚೆಂಡನ್ನು ಹಿಡಿದು ತಿರುಗಿಸುವುದು ಇನ್ನೊಂದು. ಈ ತಿರುಗುವಿಕೆಗೆ ಆಟಗಾರರು ‘ಸ್ಪಿನ್’ ಎನ್ನುತ್ತಾರೆ. ಚೆಂಡು ಬಂದು ತಾಗಿದಾಗ ಒಳಗಿನ ಸ್ಪಾಂಜು ಕುಗ್ಗಿ, ಮರುಕ್ಷಣವೇ ಹಿಗ್ಗಿ, ಚೆಂಡನ್ನು ಚಿಮ್ಮಿಸುತ್ತದೆ. ಮೇಲಿನ ಹಾಳೆಯಲ್ಲಿ ಹಿಡಿತವಿದ್ದಷ್ಟೂ ಸ್ಪಿನ್ ಹೆಚ್ಚು. ಸ್ಪಾಂಜು ದಪ್ಪವಾದಷ್ಟೂ ಬಲವಾದ ಹೊಡೆತದಲ್ಲಿ ವೇಗ ಹೆಚ್ಚು. ಹೀಗಿರುವಾಗ ಅತ್ಯಂತ ವೇಗದ, ಅತ್ಯಂತ ಹಿಡಿತದ ರಬ್ಬರೇ ಎಲ್ಲರಿಗೂ ಉತ್ತಮವಲ್ಲವೆ ಎಂದು ಯಾರಿಗಾದರೂ ತೋರಬಹುದು. ತಪ್ಪು ನಡೆಯುವುದು ಇಲ್ಲಿಯೇ.

ಹೊಸದಾಗಿ ಆಡಲು ಕಲಿಯುತ್ತಿರುವ ಹುಡುಗನೊಬ್ಬನು ಪ್ರಸಿದ್ಧ ಆಟಗಾರರು ಬಳಸುವ ಬೆಲೆಬಾಳುವ ರಬ್ಬರನ್ನು ತನ್ನ ಬ್ಯಾಟಿಗೆ ಅಂಟಿಸಿಕೊಂಡನೆಂದು ಭಾವಿಸೋಣ. ಮೇಜಿನ ಉದ್ದ 2.74 ಮೀಟರು ಮಾತ್ರ. ತೋಳನ್ನು ಪೂರ್ಣವಾಗಿ ಬೀಸಿದರೆ ಚೆಂಡು ಮೇಜನ್ನು ದಾಟಿ ಗೋಡೆಗೆ ಬಡಿಯುತ್ತದೆ. ಎರಡು ಮೂರು ದಿನಗಳಲ್ಲಿ ಅವನು ಅಂಜಿ, ತೋಳನ್ನು ಬೀಸುವುದನ್ನೇ ಬಿಟ್ಟು, ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿಯತೊಡಗುತ್ತಾನೆ. ಚೆಂಡು ಈಗ ಮೇಜಿನ ಮೇಲೆ ಬೀಳುತ್ತದೆ. ಆಟ ಕೈಗೆ ಬಂದಿತೆಂದು ಅವನಿಗೆ ಸಂತೋಷವಾಗುತ್ತದೆ. ವಾಸ್ತವದಲ್ಲಿ ಅವನು ಕಲಿತದ್ದು ಹೊಡೆತವನ್ನಲ್ಲ, ಅಂಜಿಕೆಯನ್ನು. ಎದುರಾಳಿಯು ಸ್ಪಿನ್ ತುಂಬಿ ಸರ್ವ್ ಮಾಡಿದಾಗಲಂತೂ ಅವನ ಪಾಡು ಹೇಳತೀರದು. ಹಿಡಿತವುಳ್ಳ ರಬ್ಬರು ತಾನು ಸ್ಪಿನ್ ಕೊಡುವಂತೆಯೇ ಎದುರಿನಿಂದ ಬಂದ ಸ್ಪಿನ್ನಿಗೂ ಬೇಗ ಒಳಗಾಗುತ್ತದೆ. ಬ್ಯಾಟಿನ ಓರೆ ಸ್ವಲ್ಪ ತಪ್ಪಿದರೂ ಚೆಂಡು ಎತ್ತಲೋ ಹಾರಿಹೋಗುತ್ತದೆ.

ಈಜು ಕಲಿಯುವವರು ಮೊದಲು ಕೆರೆಯ ದಡದಲ್ಲಿ ಕೈಕಾಲು ಬಡಿಯುತ್ತಾರಲ್ಲದೆ ನಡುನೀರಿಗೆ ಧುಮುಕುವುದಿಲ್ಲ. ಅಂತೆಯೇ ಹೊಸಬರು ಸಾಧಾರಣ ವೇಗದ, ನಯವಾದ ಮೈಯುಳ್ಳ, ಸುಮಾರು 1.5ರಿಂದ 1.8 ಮಿಲಿಮೀಟರು ದಪ್ಪದ ಮೃದು ಸ್ಪಾಂಜಿನ ರಬ್ಬರನ್ನು ಆರಿಸುವುದು ಲೇಸು. ಆಗ ತೋಳನ್ನು ನಿರ್ಭಯವಾಗಿ ಬೀಸಬಹುದು. ತಪ್ಪಾದರೆ ಅದು ಕೈಯ ತಪ್ಪೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಚೆಂಡನ್ನು ಇಪ್ಪತ್ತು ಮೂವತ್ತು ಬಾರಿ ತಪ್ಪದೆ ಹಿಂದಿರುಗಿಸಲು, ಕಾಲುಗಳನ್ನು ಚೆಂಡಿನತ್ತ ಚಲಿಸಲು, ಬೇಕೆಂದಾಗ ಸ್ಪಿನ್ ಕೊಡಲು ಸಾಧ್ಯವಾದ ಮೇಲೆ ಒಂದು ಮೆಟ್ಟಿಲು ಮೇಲಿನ ರಬ್ಬರಿಗೆ ಹೋಗಬಹುದು. 2 ಮಿಲಿಮೀಟರು ಹಾಗೂ ಅದಕ್ಕಿಂತ ದಪ್ಪದ ಗಡುಸು ಸ್ಪಾಂಜು, ದಿನವೂ ಹಲವು ಗಂಟೆಗಳ ಅಭ್ಯಾಸದಿಂದ ಪಳಗಿದ ತೋಳಿಗೆ ಮಾತ್ರ ಒಗ್ಗುತ್ತದೆ. ಬಲವಾದ ಹೊಡೆತವಿಲ್ಲದಿದ್ದರೆ ಗಡುಸು ಸ್ಪಾಂಜು ಕುಗ್ಗುವುದೇ ಇಲ್ಲ. ಕುಗ್ಗದಿದ್ದರೆ ಅದಕ್ಕೆ ಕೊಟ್ಟ ಹಣವೂ ವ್ಯರ್ಥ.

ಇವಲ್ಲದೆ ಮೈಮೇಲೆ ಉದ್ದನೆಯ ಸಣ್ಣ ಉಬ್ಬುಗಳುಳ್ಳ ರಬ್ಬರುಗಳೂ ಉಂಟು. ಆಟಗಾರರು ಈ ಉಬ್ಬುಗಳನ್ನು ‘ಪಿಂಪಲ್’ ಎನ್ನುತ್ತಾರೆ. ಇವು ತಾವಾಗಿ ಹೆಚ್ಚು ಸ್ಪಿನ್ ಕೊಡುವುದಿಲ್ಲ. ಎದುರಾಳಿಯ ಸ್ಪಿನ್ನನ್ನೇ ತಿರುಗಿಸಿ ಅವನಿಗೆ ಒಪ್ಪಿಸುತ್ತವೆ. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನದ ಪದಕ ಗೆದ್ದ ಭಾರತದ ಮಣಿಕಾ ಬಾತ್ರಾ ಅವರು ಬ್ಯಾಕ್‌ಹ್ಯಾಂಡಿಗೆ ಇಂತಹ ರಬ್ಬರನ್ನು ಬಳಸಿ ಹೆಸರಾದವರು. ಆದರೆ ಅದರ ಹಿಂದೆ ದೀರ್ಘಕಾಲದ ಸಾಧನೆಯಿದೆ. ಸ್ಪಿನ್ನನ್ನು ಅರಿಯದವರು ಅದರಿಂದ ತಪ್ಪಿಸಿಕೊಳ್ಳಲೆಂದು ಪಿಂಪಲ್ ರಬ್ಬರಿನ ಮೊರೆಹೊಕ್ಕರೆ, ಸ್ಪಿನ್ನಿನ ಪಾಠವೇ ಅವರಿಗೆ ತಪ್ಪಿಹೋಗುತ್ತದೆ.

ಕೊಂಡ ರಬ್ಬರನ್ನು ಕಾಪಾಡಿಕೊಳ್ಳುವುದೂ ಆಯ್ಕೆಯಷ್ಟೇ ಮುಖ್ಯ. ಧೂಳು ಕುಳಿತರೆ ಹಿಡಿತ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿದ ಬಳಿಕ ಚೀಲದಲ್ಲಿಡಬೇಕು, ಬಿಸಿಲಿಗೆ ಒಡ್ಡಬಾರದು. ಹೀಗೆ ನೋಡಿಕೊಂಡ ಸಾಧಾರಣ ರಬ್ಬರು, ಧೂಳು ತಿಂದ ದುಬಾರಿ ರಬ್ಬರಿಗಿಂತ ಮೇಲು.

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮಲ್ಲಿದೆ. ಸೋತಾಗಲೆಲ್ಲ ರಬ್ಬರನ್ನು ದೂರುವವರಿಗೂ ಅದು ಸಲ್ಲುತ್ತದೆ. ಸಾಟೊ ಅವರ ಸ್ಪಾಂಜಿನ ಗುಟ್ಟು ಬಹುಕಾಲ ಗುಟ್ಟಾಗಿ ಉಳಿಯಲಿಲ್ಲ. ಇತರರು ಅದನ್ನು ಎದುರಿಸಲು ಕಲಿತರು, ತಾವೂ ಬಳಸತೊಡಗಿದರು. ಸಾಟೊ ಅವರಿಗೆ ವಿಶ್ವ ಸಿಂಗಲ್ಸ್ ಪ್ರಶಸ್ತಿ ಮತ್ತೊಮ್ಮೆ ದೊರೆಯಲಿಲ್ಲ. ಮುಂದೆ ಅದೇ ಜಪಾನಿನ ಇಚಿರೊ ಒಗಿಮುರಾ ಅವರು 1954ರಲ್ಲಿಯೂ 1956ರಲ್ಲಿಯೂ ಆ ಪ್ರಶಸ್ತಿಯನ್ನು ಗೆದ್ದರು. ಆ ವೇಳೆಗೆ ಸ್ಪಾಂಜು ಯಾರಿಗೂ ಹೊಸದಾಗಿರಲಿಲ್ಲ. ಅವರನ್ನು ಗೆಲ್ಲಿಸಿದ್ದು ಅದನ್ನು ಹಿಡಿದ, ಪಳಗಿದ ಕೈ.