ಅವರೆಕಾಯಿಯೂ ಉಸಿರಾಡುತ್ತದೆ!

ಮಕ್ಕಳೇ, ಗಿಡದಿಂದ ಕಿತ್ತ ಕಾಯಿಗೆ ಜೀವ ಇರುತ್ತದೆಯೇ? ಖಂಡಿತ ಇರುತ್ತದೆ! ಬುಟ್ಟಿಯಲ್ಲಿ ಸುಮ್ಮನೆ ಬಿದ್ದಿರುವ ಅವರೆಕಾಯಿ, ಬಟಾಣಿ, ಹುರುಳಿಕಾಯಿ ಎಲ್ಲವೂ ನಮ್ಮಂತೆಯೇ ಉಸಿರಾಡುತ್ತಿರುತ್ತವೆ. ಗಿಡದಲ್ಲಿದ್ದಾಗ ಅವಕ್ಕೆ ಊಟ ಬರುತ್ತಿತ್ತು. ಕಿತ್ತ ಮೇಲೆ ಬರುವುದಿಲ್ಲ. ಆಗ ತಮ್ಮೊಳಗಿನ ಸಕ್ಕರೆಯನ್ನೇ ಖರ್ಚು ಮಾಡುತ್ತವೆ. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎನ್ನುತ್ತಾರಲ್ಲ, ಹಾಗೆ.

ಬಿಸಿ ಹೆಚ್ಚಿದಷ್ಟೂ ಈ ಖರ್ಚು ಜೋರು. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರು ಎರಡು ಮೂರು ಪಟ್ಟಾಗುತ್ತದೆ. ಬಟಾಣಿಯ ಸಕ್ಕರೆ ಪಿಷ್ಟವಾಗಿಯೂ ಬದಲಾಗುತ್ತದೆ. ಬೆಳಿಗ್ಗೆ ಸಿಹಿಯಾಗಿದ್ದ ಕಾಳು ಎರಡು ದಿನದಲ್ಲಿ ಹಿಟ್ಟುಹಿಟ್ಟಾಗುವುದು ಇದಕ್ಕೇ.

ಸತ್ವಗಳಲ್ಲಿ ಮೊದಲು ಕರಗುವುದು ಸಿ ವಿಟಮಿನ್. ಬಿಸಿ, ಗಾಳಿ, ಸಮಯ ಮೂರೂ ಅದಕ್ಕೆ ಶತ್ರುಗಳೇ. ಪ್ರೋಟೀನು, ನಾರು, ಕಬ್ಬಿಣದ ಅಂಶ ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಸ್ವಲ್ಪ ಬಾಡಿದ ಕಾಯಿಯನ್ನು ಎಸೆಯಬೇಕಿಲ್ಲ. ಕೊಳೆತದ್ದು, ಬೂಸ್ಟು ಹಿಡಿದದ್ದು ಬೇಡ, ಅಷ್ಟೇ.

ನನಗೆ ಮೊಣಕಾಲು ನೋವು. ದಿನಾ ಮಾರುಕಟ್ಟೆಗೆ ಹೋಗಲಾರೆ. ವಾರಕ್ಕೊಮ್ಮೆ ತಂದ ತರಕಾರಿಯಲ್ಲೇ ನಮ್ಮಿಬ್ಬರು ಮುದುಕರ ಊಟ, ರಜೆಗೆ ಬರುವ ಮೊಮ್ಮಕ್ಕಳ ಊಟ ಎರಡೂ ನಡೆಯಬೇಕು. ಹಾಗಾಗಿ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ.

ಮೊದಲ ಎರಡು ದಿನ ಬಟಾಣಿ. ಅದನ್ನು ಸಿಪ್ಪೆಯ ಸಮೇತ ಫ್ರಿಜ್ಜಿನಲ್ಲಿಟ್ಟು ಅಡುಗೆಗೆ ಮುಂಚೆ ಸುಲಿಯುತ್ತೇನೆ. ಸಿಪ್ಪೆಯೇ ಅದರ ಕಂಬಳಿ! ಆಮೇಲೆ ಹುರುಳಿಕಾಯಿ. ಇದು ನಾಜೂಕಿನದು. 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಬಹಳ ದಿನ ಇಟ್ಟರೆ ತುಕ್ಕಿನಂಥ ಕಲೆ ಬೀಳುತ್ತದೆ. ಅದಕ್ಕೇ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಪಲ್ಯ ಮಾಡಿ ಮುಗಿಸುತ್ತೇನೆ.

ಚಳಿಗಾಲದಲ್ಲಿ ಅವರೆಕಾಯಿ ರಾಶಿ ಬಂದಾಗ ಮನೆಮಂದಿಯೆಲ್ಲ ಕೂತು ಸುಲಿಯುತ್ತೇವೆ. ಮಿಕ್ಕ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ, ತಕ್ಷಣ ತಣ್ಣೀರಿಗೆ ಬಿಟ್ಟು, ಬಟ್ಟೆಯ ಮೇಲೆ ಒರೆಸಿ, ಫ್ರೀಜರಿಗೆ ಸೇರಿಸುತ್ತೇನೆ. ಕಾಳಿನೊಳಗೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳಿರುತ್ತವೆ. ಕುದಿನೀರು ಅವುಗಳ ಕೆಲಸ ನಿಲ್ಲಿಸುತ್ತದೆ. ಆಗ ಸಿ ವಿಟಮಿನ್ ಸ್ವಲ್ಪ ಹೋಗುವುದು ನಿಜ. ಆದರೆ ಮೈನಸ್ 18 ಡಿಗ್ರಿಯಲ್ಲಿ ಉಳಿದದ್ದು ತಿಂಗಳುಗಟ್ಟಲೆ ಬಹುಮಟ್ಟಿಗೆ ಹಾಗೇ ಇರುತ್ತದೆ. ಮಕ್ಕಳೇ, ಕುದಿನೀರಿನ ಕೆಲಸ ದೊಡ್ಡವರಿಗೇ ಬಿಡಿ.

ಇನ್ನೊಂದು ಮಾತು. ಕಾಳು ಬೇಯಿಸಿದ ನೀರನ್ನು ಚೆಲ್ಲಬೇಡಿ. ನೀರಿನಲ್ಲಿ ಕರಗುವ ವಿಟಮಿನ್‌ಗಳು ಅದರಲ್ಲಿರುತ್ತವೆ. ಸಾರಿಗೆ ಬೆರೆಸಿ.

ಈ ವಾರ ಒಂದು ಪರೀಕ್ಷೆ ಮಾಡಿ. ತಾಜಾ ಬಟಾಣಿಕಾಯಿ ತಂದು ತೊಳೆಯದೆ ಒಂದು ಹಿಡಿ ಅಡುಗೆಮನೆಯ ಕಟ್ಟೆಯ ಮೇಲೆ, ಒಂದು ಹಿಡಿ ಫ್ರಿಜ್ಜಿನಲ್ಲಿ ಇಡಿ. ಎರಡು ದಿನದ ಮೇಲೆ ತೊಳೆದು ಸುಲಿದು, ಕಣ್ಣು ಮುಚ್ಚಿಕೊಂಡ ಅಜ್ಜನ ಬಾಯಿಗೆ ಒಂದೊಂದೇ ಕಾಳು ಹಾಕಿ, ಯಾವುದು ಸಿಹಿ ಎಂದು ಕೇಳಿ!